ರಸ್ತೆಯ ಮೇಲಿನ ಮೂರನೆಯ ವ್ಯಕ್ತಿ

ಮೋಟಾರು ವಿಮೆಯ ಭಾಷೆಯಲ್ಲಿ ಪಾದಚಾರಿಗೆ ‘ಮೂರನೆಯ ವ್ಯಕ್ತಿ’ ಎಂದು ಹೆಸರು. ವಿಮೆ ಮಾಡಿಸಿದ ವಾಹನ ಮಾಲೀಕ ಮೊದಲನೆಯವನು, ವಿಮಾ ಕಂಪನಿ ಎರಡನೆಯದು. ಅವರಿಬ್ಬರ ಒಪ್ಪಂದಕ್ಕೆ ಸಹಿ ಹಾಕದ, ಕಂತು ಕಟ್ಟದ, ಅಂಥದೊಂದು ಪಾಲಿಸಿ ಇದೆಯೆಂದೇ ತಿಳಿಯದೆ ರಸ್ತೆಯ ಅಂಚಿನಲ್ಲಿ ತನ್ನ ಪಾಡಿಗೆ ನಡೆದು ಹೋಗುವವನು ಮೂರನೆಯವನು. ಸ್ವಂತ ಗಾಡಿಯ ನಷ್ಟಕ್ಕೆ ವಿಮೆ ಮಾಡಿಸುವುದು ಬಿಡುವುದು ಮಾಲೀಕನ ಇಷ್ಟ. ಈ ಮೂರನೆಯವನಿಗಾಗಿ ವಿಮೆ ಮಾಡಿಸುವುದು ಮಾತ್ರ 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಕಡ್ಡಾಯ. ಪೊಲೀಸರು ಗಾಡಿ ನಿಲ್ಲಿಸಿ ‘ಇನ್ಶೂರೆನ್ಸ್ ತೋರಿಸಿ’ ಎಂದು ಕೇಳುವುದು ಮುಖ್ಯವಾಗಿ ನಡೆದು ಹೋಗುವವರ ಪರವಾಗಿ. ಇದು ಕೇಳುವವರಿಗೂ ತೋರಿಸುವವರಿಗೂ ಬಹುಮಟ್ಟಿಗೆ ಮರೆತುಹೋಗಿದೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ಸತ್ತ ಐವರಲ್ಲಿ ಹತ್ತಿರ ಹತ್ತಿರ ಒಬ್ಬರು ಯಾವ ವಾಹನವನ್ನೂ ಏರಿರಲಿಲ್ಲ. ಕೈಕಾಲು ಮುರಿದುಕೊಂಡು ಬದುಕುಳಿದವರ ಎಣಿಕೆ ಬೇರೆ. ಇವರಿಗೆ ಕಾನೂನು ಕೊಟ್ಟಿರುವ ಹಕ್ಕು ಸಣ್ಣದಲ್ಲ. ಆದರೆ ಆ ಹಕ್ಕು ನಿಂತಿರುವುದು ಅಪಘಾತದ ಮೊದಲ ಕೆಲವು ದಿನಗಳಲ್ಲಿ ಹುಟ್ಟುವ ನಾಲ್ಕಾರು ಕಾಗದಗಳ ಮೇಲೆ. ಕಾಗದ ಸರಿಯಿದ್ದರೆ ಸಾಧಾರಣ ವಕೀಲರ ಕೈಯಲ್ಲೂ ಕೇಸು ನಿಲ್ಲುತ್ತದೆ. ಕಾಗದ ಕೆಟ್ಟಿದ್ದರೆ ಎಂಥ ವಕೀಲರಿಗೂ ಕಷ್ಟ.

ಮೊದಲನೆಯ ಹಕ್ಕು ಚಿಕಿತ್ಸೆಯದು. 1980ರ ದಶಕದ ಕೊನೆಯಲ್ಲಿ ಕಾರು ಗುದ್ದಿ ಬಿದ್ದ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆ ಸೇರಿಸಿಕೊಳ್ಳಲಿಲ್ಲ. ಪೊಲೀಸ್ ಕೇಸಾಗುವ ಗಾಯಗಳನ್ನು ನೋಡುವ ಅಧಿಕಾರ ತನಗಿಲ್ಲವೆಂದು ಇಪ್ಪತ್ತು ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಕಳಿಸಿತು. ಆತ ದಾರಿಯಲ್ಲೇ ಸತ್ತ. ಇದರಿಂದ ಹುಟ್ಟಿದ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿಯೊಬ್ಬ ವೈದ್ಯನೂ ಮೊದಲು ಜೀವ ಉಳಿಸಬೇಕು, ಪೊಲೀಸ್ ವಿಧಿವಿಧಾನ ಆಮೇಲೆ ಎಂದು ತೀರ್ಪು ಕೊಟ್ಟಿತು. ಗಾಯಾಳುವನ್ನು ಎತ್ತಿಕೊಂಡು ಬಂದವರಿಗೂ ರಕ್ಷಣೆಯಿದೆ. 2019ರಲ್ಲಿ ಕಾಯ್ದೆಗೆ ಸೇರಿದ 134ಎ ಕಲಮಿನಂತೆ ಅಂಥವರ ಮೇಲೆ ಸಿವಿಲ್ ದಾವೆಯಾಗಲಿ ಕ್ರಿಮಿನಲ್ ಕೇಸಾಗಲಿ ಹಾಕುವಂತಿಲ್ಲ. ಹೆಸರು ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತೆಯೂ ಇಲ್ಲ.

ಖರ್ಚಿನ ಪ್ರಶ್ನೆಗೆ 2025ರ ಮೇ ತಿಂಗಳಲ್ಲಿ ಒಂದು ಉತ್ತರ ಸಿಕ್ಕಿತು. ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸಾ ಯೋಜನೆಯಂತೆ, ಮೋಟಾರು ವಾಹನದಿಂದ ಗಾಯಗೊಂಡ ಯಾರೇ ಆಗಲಿ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ಮಿತಿಯೊಳಗೆ ಕೈಯಿಂದ ದುಡ್ಡು ಕಟ್ಟದೆ ಚಿಕಿತ್ಸೆ ಪಡೆಯಬಹುದು. ಯೋಜನೆಗೆ ಸೇರದ ಆಸ್ಪತ್ರೆಗೆ ಹೋದರೆ ಜೀವಕ್ಕೆ ಅಪಾಯವಿಲ್ಲದ ಸ್ಥಿತಿಗೆ ತರುವಷ್ಟು ಚಿಕಿತ್ಸೆ ಮಾತ್ರ ಇದರಡಿ ಸಿಗುತ್ತದೆ. ಆಸ್ಪತ್ರೆಯ ಕೌಂಟರಿನಲ್ಲಿ ಈ ಯೋಜನೆಯ ಹೆಸರು ಹೇಳಿ ಕೇಳಬೇಕಾದವರು ಗಾಯಾಳುವಿನ ಕಡೆಯವರೇ. ತಾನಾಗಿ ಯಾರಾದರೂ ಬಂದು ಹೇಳುತ್ತಾರೆಂದು ಕಾಯುವುದು ಬೇಡ.

ಆಸ್ಪತ್ರೆಯಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ, ಅದನ್ನು ಗಮನಿಸುವವರು ಕಡಿಮೆ. ಡ್ಯೂಟಿ ಡಾಕ್ಟರು ‘ಏನಾಯಿತು?’ ಎಂದು ಕೇಳಿ ಬರೆದುಕೊಳ್ಳುವ ಒಂದು ಸಾಲು ಮುಂದೆ ಇಡೀ ಪ್ರಕರಣದ ತಳಪಾಯವಾಗುತ್ತದೆ. ಇಂಥ ಜಾಗದಲ್ಲಿ ಇಷ್ಟು ಹೊತ್ತಿಗೆ ಇಂಥ ವಾಹನ ಗುದ್ದಿತು ಎಂದು ಅಲ್ಲಿ ದಾಖಲಾಗಬೇಕು, ಆಸ್ಪತ್ರೆ ಅದನ್ನು ‘ಎಂಎಲ್‌ಸಿ’ (ಮೆಡಿಕೊ ಲೀಗಲ್ ಕೇಸು) ಎಂದು ಗುರುತಿಸಿ ಪೊಲೀಸರಿಗೆ ತಿಳಿಸಬೇಕು. ಗಾಬರಿಯಲ್ಲಿ, ಅಥವಾ ಪೊಲೀಸ್ ತಂಟೆ ಯಾಕೆಂದು, ಕಡೆಯವರು ‘ಜಾರಿ ಬಿದ್ದರು’ ಎಂದುಬಿಡುವುದುಂಟು. ಎರಡು ವರ್ಷದ ಬಳಿಕ ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಮೊದಲು ಎತ್ತಿ ತೋರಿಸುವುದು ಇದೇ ಎರಡು ಪದಗಳನ್ನು.

ಇನ್ನು ಪೊಲೀಸ್ ಠಾಣೆ. ಗುದ್ದಿದ ಚಾಲಕ ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ ಪೊಲೀಸರಿಗೆ ತಿಳಿಸಬೇಕೆಂದು 134ನೇ ಕಲಂ ಹೇಳುತ್ತದೆ. ಅವನು ತಿಳಿಸದಿದ್ದರೆ ಗಾಯಾಳು, ಮನೆಯವರು, ನೋಡಿದವರು ಯಾರು ಬೇಕಾದರೂ ದೂರು ಕೊಡಬಹುದು. ಆಸ್ಪತ್ರೆಯ ಹಾಸಿಗೆಯಲ್ಲೇ ಹೇಳಿಕೆ ಕೊಡಬಹುದು. ಠಾಣೆಯ ಸರಹದ್ದು ಬೇರೆ ಎಂಬ ನೆಪ ನಡೆಯದು. ಯಾವ ಠಾಣೆಯಾದರೂ ‘ಜೀರೋ ಎಫ್‌ಐಆರ್’ ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಡ್ಡಾದಿಡ್ಡಿ ಚಾಲನೆಗೆ 281ನೇ ಕಲಂ, ಅದರಿಂದ ಗಾಯವಾದರೆ 125ನೇ ಕಲಂ ಹಚ್ಚುತ್ತಾರೆ. ತೀವ್ರ ಗಾಯವಾದರೆ ಮೂರು ವರ್ಷದವರೆಗೆ ಜೈಲು, ಸಾವಾದರೆ 106ನೇ ಕಲಮಿನಡಿ ಐದು ವರ್ಷದವರೆಗೆ. ‘ತೀವ್ರ ಗಾಯ’ ಎಂಬುದಕ್ಕೆ ಕಾನೂನಿನಲ್ಲಿ ಗೊತ್ತಾದ ಅರ್ಥವಿದೆ: ಮೂಳೆ ಅಥವಾ ಹಲ್ಲು ಮುರಿದರೂ ಸಾಕು, ಹದಿನೈದು ದಿನ ದಿನನಿತ್ಯದ ಕೆಲಸ ಮಾಡಲಾಗದಿದ್ದರೂ ಸಾಕು.

ಈ ಕ್ರಿಮಿನಲ್ ಪ್ರಕರಣ ಸರ್ಕಾರಕ್ಕೂ ಚಾಲಕನಿಗೂ ನಡುವಿನದು. ಅದರಲ್ಲಿ ಚಾಲಕನಿಗೆ ಶಿಕ್ಷೆಯಾದರೂ ಗಾಯಾಳುವಿನ ಕೈಗೆ ದುಡ್ಡು ಬರುವುದಿಲ್ಲ, ಖುಲಾಸೆಯಾದರೂ ಪರಿಹಾರದ ಹಕ್ಕು ಹೋಗುವುದಿಲ್ಲ. ಎರಡೂ ಕಡೆ ಸಾಕ್ಷ್ಯದ ಅಳತೆಗೋಲೇ ಬೇರೆ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು, ಪರಿಹಾರದ ಅರ್ಜಿಯಲ್ಲಿ ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಆದರೂ ಪೊಲೀಸ್ ಕಡತ ಬೇಕೇ ಬೇಕು. ಎಫ್‌ಐಆರ್, ಸ್ಪಾಟ್ ಮಹಜರು, ಸ್ಥಳದ ನಕ್ಷೆ, ವಾಹನ ನಿರೀಕ್ಷಕರ ವರದಿ, ವೂಂಡ್ ಸರ್ಟಿಫಿಕೇಟ್, ದೋಷಾರೋಪ ಪಟ್ಟಿ ಎಲ್ಲವೂ ಅಲ್ಲಿಂದಲೇ ಬರಬೇಕು. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು, ಅಪಘಾತವಾದ ಮನೆಯವರು ಮೊದಲು ಓಡುವುದು ಆಸ್ಪತ್ರೆಗೇ ಹೊರತು ಠಾಣೆಗಲ್ಲ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ತಡವಾದರೆ ಕಾರಣ ಹೇಳಬೇಕಾಗುತ್ತದೆ, ಅಷ್ಟೆ. ಅಂಗಡಿ ಮುಂಗಟ್ಟುಗಳ ಸಿಸಿಟಿವಿ ಮಾತ್ರ ಯಾರಿಗೂ ಕಾಯುವುದಿಲ್ಲ. ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ. ಅದನ್ನು ತೆಗೆದಿಡುವಂತೆ ಮೊದಲ ವಾರದಲ್ಲೇ ಪೊಲೀಸರಿಗೆ ಲಿಖಿತವಾಗಿ ಕೇಳಿಕೊಳ್ಳುವುದು ಜಾಣತನ.

2022ರ ಏಪ್ರಿಲ್ 1ರಿಂದ ತನಿಖಾಧಿಕಾರಿಗೂ ಗಡುವುಗಳಿವೆ. ಅಪಘಾತವಾದ 48 ಗಂಟೆಯೊಳಗೆ ಮೊದಲ ವರದಿ ಪರಿಹಾರ ಕೊಡಿಸುವ ನ್ಯಾಯಮಂಡಳಿಗೆ ಹೋಗಬೇಕು, ಹತ್ತು ದಿನದೊಳಗೆ ಗಾಯಾಳುವಿನ ಹಕ್ಕುಗಳನ್ನು ವಿವರಿಸುವ ನಮೂನೆ ಅವರ ಕೈ ಸೇರಬೇಕು, 90 ದಿನದೊಳಗೆ ವಿವರವಾದ ಅಪಘಾತ ವರದಿ ಸಲ್ಲಿಕೆಯಾಗಬೇಕು. ಈ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿಯೆಂದು ಪರಿಗಣಿಸಲೂ ಅವಕಾಶವಿದೆ. ಆ ಹಕ್ಕುಗಳ ನಮೂನೆ ಬರಲಿಲ್ಲವೆಂದರೆ ಠಾಣೆಗೆ ಹೋಗಿ ಕೇಳುವುದು ತಪ್ಪಲ್ಲ, ತಂಟೆಯೂ ಅಲ್ಲ.

ಇಷ್ಟೆಲ್ಲ ಆಗುವ ಮೊದಲೇ ರಸ್ತೆಯ ಮೇಲೆ ಒಂದು ‘ಪಂಚಾಯಿತಿ’ ಆಗಿಬಿಡುತ್ತದೆ. ಸೇರಿದ ಹತ್ತು ಜನ ಚಾಲಕನಿಂದ ಐದೋ ಹತ್ತೋ ಸಾವಿರ ಕೊಡಿಸಿ, ‘ಆಸ್ಪತ್ರೆ ಖರ್ಚು ನೋಡ್ಕೋತಾರಂತೆ, ಬಿಡಿ ಯಜಮಾನ್ರೆ’ ಎಂದು ಇಬ್ಬರನ್ನೂ ಕಳಿಸಿಕೊಡುತ್ತಾರೆ. ಮಂಡಿಯೊಳಗಿನ ಬಿರುಕು ಎರಡು ದಿನದ ನಂತರ ಊತವಾಗಿ ಕಾಣಿಸಿಕೊಂಡಾಗ ಚಾಲಕನ ಫೋನ್ ಸ್ವಿಚ್ ಆಫ್. ವಿಚಿತ್ರವೆಂದರೆ ಇಂಥ ರಾಜಿಯಿಂದ ಚಾಲಕನಿಗೂ ಲಾಭವಿಲ್ಲ. ವಿಮೆ ಇದ್ದರೆ ಪರಿಹಾರ ಕೊಡುವುದು ಕಂಪನಿ. ಅವನು ಸುಮ್ಮನೆ ತನ್ನ ಜೇಬಿನಿಂದ ತೆತ್ತಿರುತ್ತಾನೆ. ವಾಹನದ ನಂಬರಿನ ಫೋಟೊ, ಚಾಲಕನ ಹೆಸರು, ನೋಡಿದ ಇಬ್ಬರ ಫೋನ್ ನಂಬರು, ಇಷ್ಟಿಲ್ಲದೆ ಜಾಗ ಬಿಡಬಾರದು. ನಂಬರು ಸಿಕ್ಕರೆ ಆ ಗಾಡಿಗೆ ವಿಮೆ ಇದೆಯೇ ಎಂಬುದು ಎಂಪರಿವಾಹನ್ ಆ್ಯಪಿನಲ್ಲಿ ಗೊತ್ತಾಗುತ್ತದೆ.

ಪರಿಹಾರ ಕೊಡಿಸುವ ಜಾಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಕೋರ್ಟಿನ ಆವರಣದಲ್ಲಿ ಇದನ್ನು ‘ಎಂವಿಸಿ ಕೇಸು’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಈ ಕೆಲಸ ಮಾಡುತ್ತದೆ. ಅಪಘಾತ ನಡೆದ ಊರಿನಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ಗಾಯಾಳು ವಾಸಿಸುವ ಅಥವಾ ದುಡಿಯುವ ಊರಿನಲ್ಲಿ, ಇಲ್ಲವೇ ಎದುರುದಾರರು ಇರುವ ಊರಿನಲ್ಲಿ ಹಾಕಬಹುದು. ಬೆಂಗಳೂರಿನಲ್ಲಿ ಕಾಲು ಮುರಿದುಕೊಂಡು ಕೊಪ್ಪಳದ ಮನೆಗೆ ಮರಳಿದವರು ಕೊಪ್ಪಳದಲ್ಲೇ ಕೇಸು ನಡೆಸಬಹುದು. ಗಡುವು ಆರು ತಿಂಗಳು. 1994ರ ತಿದ್ದುಪಡಿ ಕಾಲಮಿತಿಯನ್ನೇ ತೆಗೆದುಹಾಕಿತ್ತು. 2019ರ ತಿದ್ದುಪಡಿ ಅದನ್ನು ಮತ್ತೆ ತಂದು 2022ರ ಏಪ್ರಿಲ್‌ನಿಂದ ಜಾರಿ ಮಾಡಿತು. ಮೂಳೆ ಕೂಡಲು ಹಿಡಿಯುವ ಕಾಲವನ್ನು ಬಲ್ಲ ಯಾರಿಗೂ ಇದು ನ್ಯಾಯವೆನಿಸದು, ಇದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಅದೇನೇ ಇರಲಿ, ಎಣಿಕೆ ಶುರುವಾಗುವುದು ಅಪಘಾತವಾದ ದಿನದಿಂದ, ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದಲ್ಲ ಎಂದು ತಿಳಿದು ನಡೆಯುವುದೇ ಕ್ಷೇಮ. ಅರ್ಜಿ ಹಾಕಿದ ಮೇಲೆ ಗಾಯಾಳು ಬೇರೆ ಯಾವುದೇ ಕಾರಣಕ್ಕೆ ತೀರಿಕೊಂಡರೂ ಹಕ್ಕು ವಾರಸುದಾರರಿಗೆ ಉಳಿಯುತ್ತದೆ.

ನ್ಯಾಯಮಂಡಳಿಗೆ ಹೋಗುವವರ ಮುಂದೆ ಎರಡು ದಾರಿಗಳಿವೆ. ಎಡವುವುದು ಬಹಳ ಸುಲಭ ಇಲ್ಲಿಯೇ.

164ನೇ ಕಲಮಿನ ದಾರಿ ಚಿಕ್ಕದು. ಯಾರ ತಪ್ಪು ಎಂಬ ಪ್ರಶ್ನೆಯೇ ಇಲ್ಲ. ಮೋಟಾರು ವಾಹನದಿಂದ ತೀವ್ರ ಗಾಯವಾಗಿದ್ದರೆ 2.5 ಲಕ್ಷ, ಸಾವಾಗಿದ್ದರೆ 5 ಲಕ್ಷ ರೂಪಾಯಿ. ಪಾದಚಾರಿಯೇ ಅಡ್ಡ ಬಂದ ಎಂದು ಕಂಪನಿ ವಾದಿಸುವಂತಿಲ್ಲ. 166ನೇ ಕಲಮಿನದು ಉದ್ದದ ದಾರಿ. ಅಲ್ಲಿ ಚಾಲಕನ ನಿರ್ಲಕ್ಷ್ಯ ತೋರಿಸಬೇಕು, ಆದರೆ ಪರಿಹಾರಕ್ಕೆ ಮೇಲ್ಮಿತಿಯಿಲ್ಲ. ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕೊಡುವುದೇ ನ್ಯಾಯವೆನಿಸಿದರೆ ನ್ಯಾಯಮಂಡಳಿ ಅದನ್ನೂ ಕೊಡಬಹುದೆಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಈ ನಡುವೆ 149ನೇ ಕಲಮಿನಂತೆ ವಿಮಾ ಕಂಪನಿಯ ಅಧಿಕಾರಿ 30 ದಿನದೊಳಗೆ ಇಷ್ಟು ಕೊಡುತ್ತೇವೆ ಎಂದು ಮುಂದೆ ಬರಬಹುದು. ಕಾಯ್ದೆಯಲ್ಲಿ ಒಂದು ಸಣ್ಣ ಸಾಲಿದೆ: ಹಾಗೆ ಬಂದ 164ರ ಮೊತ್ತವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯಲ್ಲಿರುವ ಅರ್ಜಿ ಬಿದ್ದುಹೋಗುತ್ತದೆ. ಸಣ್ಣ ಮೂಳೆ ಮುರಿದು ಪೂರ್ತಿ ಕೂಡಿದವರಿಗೆ 2.5 ಲಕ್ಷ ಒಳ್ಳೆಯ ಮೊತ್ತವೇ. ಜೀವಮಾನದ ಊನ ಉಳಿದವರು ಅದಕ್ಕೆ ಸಹಿ ಹಾಕಿದರೆ ದೊಡ್ಡ ನಷ್ಟ.

ಎಷ್ಟು ನಷ್ಟ ಎಂಬುದಕ್ಕೆ ಒಂದು ಲೆಕ್ಕ ನೋಡಬಹುದು. 32 ವರ್ಷದ, ತಿಂಗಳಿಗೆ 15,000 ರೂಪಾಯಿ ದುಡಿಯುವ ಗಾರೆ ಕೆಲಸದವನೊಬ್ಬನ ಕಾಲು ಮುರಿದು, ಅವನ ದುಡಿಮೆಯ ಶಕ್ತಿ ಶಾಶ್ವತವಾಗಿ ಶೇ. 20ರಷ್ಟು ಕುಗ್ಗಿತು ಎಂದುಕೊಳ್ಳೋಣ. ವರ್ಷದ ಆದಾಯ 1,80,000. ಪ್ರಣಯ್ ಸೇಥಿ ಪ್ರಕರಣದ 2017ರ ತೀರ್ಪಿನಂತೆ, ನಲವತ್ತರೊಳಗಿನ ಸ್ವಂತ ದುಡಿಮೆಯವರಿಗೆ ಮುಂದೆ ಆದಾಯ ಹೆಚ್ಚುವ ಸಂಭವಕ್ಕಾಗಿ ಶೇ. 40 ಸೇರಿಸಿದರೆ 2,52,000. ಅದರ ಶೇ. 20 ಎಂದರೆ 50,400. ಸರಳಾ ವರ್ಮಾ ಪ್ರಕರಣದ 2009ರ ತೀರ್ಪು ವಯಸ್ಸಿಗೆ ತಕ್ಕಂತೆ ಒಂದು ಗುಣಕವನ್ನು ಗೊತ್ತುಮಾಡಿದೆ. 31ರಿಂದ 35 ವರ್ಷದವರಿಗೆ ಅದು 16. ಗುಣಿಸಿದರೆ 8,06,400. ಭವಿಷ್ಯದ ದುಡಿಮೆಯ ನಷ್ಟ ಒಂದೇ ಇಷ್ಟು. ಇದರ ಮೇಲೆ ಆಸ್ಪತ್ರೆ ಬಿಲ್ಲು, ಔಷಧ, ಓಡಾಟ, ಪೌಷ್ಟಿಕ ಆಹಾರ, ನೋಡಿಕೊಂಡವರ ಖರ್ಚು, ಮಲಗಿದ್ದ ತಿಂಗಳುಗಳ ಕೂಲಿ, ಮುಂದೆ ರಾಡು ತೆಗೆಸುವ ಆಪರೇಷನ್ನು, ನೋವಿಗೆ ಮತ್ತು ಕಳೆದುಕೊಂಡ ಸುಖಕ್ಕೆ ಒಂದು ಮೊತ್ತ ಬೇರೆಯಾಗಿ ಸೇರುತ್ತವೆ.

ಈ ಲೆಕ್ಕದ ಕೀಲಿ ಆ ಶೇ. 20ರಲ್ಲಿದೆ. ವೈದ್ಯರು ಪ್ರಮಾಣಪತ್ರದಲ್ಲಿ ಬರೆಯುವುದು ಒಂದು ಅಂಗದ ಊನ. ನ್ಯಾಯಮಂಡಳಿ ಹುಡುಕುವುದು ಆ ಊನ ಇಂಥ ಕೆಲಸ ಮಾಡುವ ಇಂಥ ಮನುಷ್ಯನ ಸಂಪಾದನೆಯನ್ನು ಎಷ್ಟು ಕಿತ್ತುಕೊಂಡಿತು ಎಂಬುದನ್ನು. ರಾಜ್‌ಕುಮಾರ್ ಎಂಬ ಗಾಯಾಳುವಿನ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಮಂಡಿ ಮಡಚಲಾರದ ಗುಮಾಸ್ತ ಕುರ್ಚಿಯಲ್ಲಿ ಕೂತು ಮೊದಲಿನಂತೆಯೇ ಸಂಬಳ ತರಬಹುದು. ಅದೇ ಮಂಡಿಯ ಗಾರೆಯವನು ಸಾರುವೆ ಹತ್ತಲಾರ, ತೆಂಗಿನಕಾಯಿ ಕೀಳುವವನು ಮರ ಹತ್ತಲಾರ. ಆದ್ದರಿಂದ ಕಸುಬು ಏನೆಂದು ಸಾಬೀತುಮಾಡುವುದು ಗಾಯ ಸಾಬೀತುಮಾಡಿದಷ್ಟೇ ಮುಖ್ಯ. ಪೇ ಸ್ಲಿಪ್ ಇಲ್ಲದವರಿಗೆ ಮೇಸ್ತ್ರಿಯ ಸಾಕ್ಷಿ, ಬ್ಯಾಂಕ್ ಪಾಸ್‌ಬುಕ್, ಕಾರ್ಮಿಕ ಕಾರ್ಡು ನೆರವಾಗುತ್ತವೆ. ಏನೂ ಇಲ್ಲದಿದ್ದರೆ ನ್ಯಾಯಮಂಡಳಿ ಅಂದಾಜು ಆದಾಯ ಹಿಡಿಯುತ್ತದೆ. ಇದಕ್ಕೆ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ವರ್ಷವಾರು ಪಟ್ಟಿಯನ್ನೇ ಮಾಡಿಟ್ಟಿದೆ. ಮನೆವಾರ್ತೆ ನೋಡಿಕೊಳ್ಳುವ ಹೆಂಗಸಿಗೆ ‘ಆದಾಯವಿಲ್ಲ’ ಎನ್ನುವಂತಿಲ್ಲ, ಅವಳ ದುಡಿಮೆಗೂ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಮಕ್ಕಳ ವಿಷಯದಲ್ಲಿ, ಕರ್ನಾಟಕದ ಬಾಲಕನೊಬ್ಬನ ಪ್ರಕರಣದಲ್ಲಿ 2013ರಲ್ಲಿ, ಊನದ ಪ್ರಮಾಣಕ್ಕೆ ತಕ್ಕಂತೆ 1 ಲಕ್ಷದಿಂದ 6 ಲಕ್ಷದವರೆಗಿನ ಮೊತ್ತವನ್ನು ಅದೇ ನ್ಯಾಯಾಲಯ ಸೂಚಿಸಿತು. ಚಿಕಿತ್ಸೆಯ ಖರ್ಚು ಅದರ ಮೇಲೆ.

ಕಂಪನಿಯ ಮಾಮೂಲಿ ಎದುರುವಾದ ಪಾದಚಾರಿಯದೂ ತಪ್ಪಿದೆ ಎಂಬುದು. ಜೀಬ್ರಾ ಪಟ್ಟೆ ಬಿಟ್ಟು ದಾಟಿದ, ಫೋನಿನಲ್ಲಿದ್ದ, ಡಿವೈಡರ್ ಹಾರಿದ ಇತ್ಯಾದಿ. ಇದು ನಿಜವೆಂದು ಕಂಡುಬಂದರೆ ಅವನ ಪಾಲಿನ ತಪ್ಪಿನಷ್ಟು ಶೇಕಡಾವಾರು ಪರಿಹಾರ ಕಡಿತವಾಗುತ್ತದೆ. ಅಷ್ಟರಿಂದಲೇ ಹಕ್ಕು ಪೂರ್ತಿ ಹೋಗುವುದಿಲ್ಲ. ಪಟ್ಟೆಯೇ ಇಲ್ಲದ, ಇದ್ದರೂ ಅಳಿಸಿಹೋದ ರಸ್ತೆಯಲ್ಲಿ ಪಟ್ಟೆ ಬಿಟ್ಟು ದಾಟಿದ ಎಂಬ ವಾದಕ್ಕೆ ಎಷ್ಟು ತೂಕ ಎಂಬುದನ್ನು ಸ್ಥಳದ ನಕ್ಷೆ ಮತ್ತು ಫೋಟೊ ತೀರ್ಮಾನಿಸುತ್ತವೆ. ಸಣ್ಣ ಮಕ್ಕಳ ಮೇಲೆ ಸಾಮಾನ್ಯವಾಗಿ ಇಂಥ ತಪ್ಪು ಹೊರಿಸುವುದಿಲ್ಲ.

ಗುದ್ದಿದ ಗಾಡಿಗೆ ವಿಮೆಯೇ ಇಲ್ಲದಿದ್ದರೆ? ಆಗ ಪರಿಹಾರದ ಹೊಣೆ ಚಾಲಕ ಮತ್ತು ಮಾಲೀಕನದು. ಅಂಥ ವಾಹನವನ್ನು ಭದ್ರತೆ ಪಡೆಯದೆ ಬಿಡುಗಡೆ ಮಾಡಬಾರದೆಂದು ನಿಯಮವಿದೆ. ಗಾಡಿ ಠಾಣೆಯ ಅಂಗಳದಿಂದ ಹೊರಗೆ ಹೋಗುವ ಮುನ್ನ ಗಾಯಾಳುವಿನ ಕಡೆಯವರು ಆಕ್ಷೇಪಣೆ ಸಲ್ಲಿಸಬೇಕು, ಹೋದ ಮೇಲೆ ವಸೂಲಿ ಕಷ್ಟ. ವಿಮೆ ಇದ್ದು ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೆ ಕಂಪನಿಯೇ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಗುದ್ದಿದ್ದು ಸರ್ಕಾರಿ ಬಸ್ಸಾದರೆ ಸಾರಿಗೆ ಸಂಸ್ಥೆಯೇ ಹೊಣೆ. ಆದೇಶವಾದರೂ ಹಣ ಬಾರದಾಗ ಕೋರ್ಟಿನ ಅಮೀನರು ಬಸ್ ನಿಲ್ದಾಣಕ್ಕೇ ಬಂದು ಬಸ್ ಜಪ್ತಿ ಮಾಡಿದ ಸುದ್ದಿ ಕನ್ನಡ ಪತ್ರಿಕೆಗಳಿಗೆ ಹೊಸದಲ್ಲ. ರಸ್ತೆ ಗುಡಿಸುವ ಪೌರಕಾರ್ಮಿಕರಂತೆ ಕೆಲಸದ ವೇಳೆಯಲ್ಲೇ ಗಾಯಗೊಂಡವರು ನೌಕರರ ಪರಿಹಾರದ ಕಾನೂನು ಅಥವಾ ಮೋಟಾರು ವಾಹನ ಕಾಯ್ದೆ, ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ನೋಂದಣಿ ಬೇಡದ, 250 ವ್ಯಾಟ್ ಒಳಗಿನ ವಿದ್ಯುತ್ ಸೈಕಲ್ಲು ಗುದ್ದಿದರೆ ಈ ಕಾಯ್ದೆಯ ನೆರಳು ಸಿಗದು. ಸಿವಿಲ್ ಕೋರ್ಟಿನ ದಾವೆಯೇ ಗತಿ.

ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಬರಿಗೈಯಲ್ಲಿ ಕೂರಬೇಕಿಲ್ಲ. 2022ರ ಯೋಜನೆಯಂತೆ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಮೊದಲು ಇದು 12,500 ಮತ್ತು 25,000 ಇತ್ತು. ಕೋರ್ಟು ಬೇಡ, ತಾಲ್ಲೂಕು ಕಚೇರಿಯಲ್ಲಿ ತಹಶೀಲ್ದಾರರಿಗೋ ಉಪವಿಭಾಗಾಧಿಕಾರಿಗೋ ಅರ್ಜಿ ಕೊಡಬೇಕು. ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಆದರೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 67,387 ಇಂಥ ಅಪಘಾತಗಳಾಗಿದ್ದರೆ, ಐದು ವರ್ಷಗಳಲ್ಲಿ ಪರಿಹಾರ ಸಿಕ್ಕಿದ್ದು 660 ಸಾವುಗಳಿಗೆ ಮತ್ತು 113 ಗಾಯಾಳುಗಳಿಗೆ. ಯೋಜನೆಯಿದೆಯೆಂದೇ ಜನರಿಗೆ ಗೊತ್ತಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಈ ಅಂಕಿಗಳನ್ನು ಮುಂದಿಟ್ಟುಕೊಂಡು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಒಂದು ತಿಂಗಳಲ್ಲಿ ವಾಹನ ಪತ್ತೆಯಾಗದಿದ್ದರೆ ಪೊಲೀಸರೇ ಗಾಯಾಳುವಿಗೆ ಈ ಯೋಜನೆಯನ್ನು ಲಿಖಿತವಾಗಿ ತಿಳಿಸಬೇಕೆಂದು ಆದೇಶಿಸಿತು.

ಕೆಲವು ಗಾಯಗಳಿಗೆ ವಾಹನವೇ ಕಾರಣವಲ್ಲ. ಕಿತ್ತುಹೋದ ಚಪ್ಪಡಿ, ತೆರೆದ ಚರಂಡಿ, ಫುಟ್‌ಪಾತಿನ ಮೇಲೆ ಮೊಣಕಾಲೆತ್ತರದ ಕೇಬಲ್ಲು ಇವೂ ಕಾಲು ಮುರಿಯುತ್ತವೆ. ಸುಸ್ಥಿತಿಯ ರಸ್ತೆ ಬದುಕುವ ಹಕ್ಕಿನ ಭಾಗ, ಅದಿಲ್ಲದೆ ನಷ್ಟವಾದವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಪಾದಚಾರಿಗಳ ಫುಟ್‌ಪಾತ್ ಹಕ್ಕನ್ನು ಸಂವಿಧಾನದ 21ನೇ ವಿಧಿಯೊಳಗೆ ಸೇರಿಸಿತು. ಇಂಥ ಪ್ರಕರಣಗಳು ಎಂವಿಸಿ ನ್ಯಾಯಮಂಡಳಿಗೆ ಹೋಗುವುದಿಲ್ಲ. ಪಾಲಿಕೆಗೆ ಲಿಖಿತ ಅರ್ಜಿ, ಆಮೇಲೆ ಸಿವಿಲ್ ದಾವೆ ಅಥವಾ ಹೈಕೋರ್ಟಿನಲ್ಲಿ ರಿಟ್. ದಾರಿ ನಿಧಾನದ್ದು. ಬಿದ್ದ ಗುಂಡಿಯನ್ನು ರಾತ್ರೋರಾತ್ರಿ ಮುಚ್ಚುವ ಉತ್ಸಾಹ ಇಲಾಖೆಗಳಿಗೆ ಅಪಘಾತದ ನಂತರ ಬರುವುದರಿಂದ ಅದೇ ದಿನದ ಫೋಟೊ ಬೇಕು.

ನ್ಯಾಯಮಂಡಳಿಯ ತೀರ್ಪಾದ ಮೇಲೆ 30 ದಿನದೊಳಗೆ ಹಣ ಠೇವಣಿಯಾಗಬೇಕು, ಅರ್ಜಿಯ ದಿನದಿಂದ ಬಡ್ಡಿಯೂ ಸೇರಬಹುದು. ಮೊತ್ತ ಕಡಿಮೆಯೆನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಆ ಅವಕಾಶವಿಲ್ಲ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಬಂದ ಪರಿಹಾರದಲ್ಲಿ ಇಷ್ಟು ಪಾಲು ತಮಗೆ ಎಂದು ಕೆಲವು ವಕೀಲರು ಮೊದಲೇ ಬರೆಸಿಕೊಳ್ಳುವುದುಂಟು. ವಕೀಲರ ಪರಿಷತ್ತಿನ ನಿಯಮ ಇದನ್ನು ನಿಷೇಧಿಸಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಇವರಿಗೆ ಆದಾಯ ಎಷ್ಟೇ ಇರಲಿ, ಉಳಿದವರಿಗೆ ಆದಾಯದ ಮಿತಿಯೊಳಗೆ, ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ಪ್ರತಿ ತಾಲ್ಲೂಕಿನ ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಕಚೇರಿಯನ್ನು ವಿಚಾರಿಸಬಹುದು; ಫೋನಿನಲ್ಲಿ ಕೇಳುವುದಾದರೆ ಉಚಿತ ಸಂಖ್ಯೆ 15100.